ಕೋಳಿಗಳನ್ನು ಸುಮ್ಮನಾಗಿಸುವ ದನಿ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇದನ್ನು ಓದುವುದಿಲ್ಲ ಅನ್ನುವ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ನೀನು ದುಡಿದ ಕೋಳಿ ಫಾರಂಗೇ ಇವತ್ತು ಕೂಲಿಯವಳಾಗಿ ಹೊಕ್ಕೆ. ಅಂಗಿಯ ಗುಂಡಿಯಲ್ಲಿ ನಮ್ಮ ಪ್ರಾಣಿದಯಾ ಸಂಘದ ಕ್ಯಾಮೆರಾ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಿದ್ದೆಯಲ್ಲ, ಹಾಗೇ ಆಗಿತ್ತು. ರೆಕ್ಕೆ ಬಿಚ್ಚಲೂ ಜಾಗವಿಲ್ಲದ ಪಂಜರಗಳ ಚಿತ್ರ ತೆಗೆಯುವಾಗ ಒಂದು ಕೋಳಿ ಬೆದರಿತು, ಇಡೀ ಸಾಲೇ ಬಡಿದಾಡತೊಡಗಿತು. ಮೈಮರೆತು ನಿನ್ನ ಹಾಗೆಯೇ "ಬೊ ಬೊ ಬೊ" ಅಂದುಬಿಟ್ಟೆ. ಕೋಳಿಗಳು ಸುಮ್ಮನಾದವು. ಮೇಸ್ತ್ರಿ ತಿರುಗಿ ನೋಡಿದ.

"ಈ ದನಿ ಇಲ್ಲಿ ಒಬ್ಬನಿಗೇ ಇದ್ದಿದ್ದು. ಅವನ ಮಗಳು ಮನೆ ಬಿಟ್ಟು ಆ ಪ್ರಾಣಿದಯೆಯವರ ಜೊತೆ ಸೇರಿಕೊಂಡಳಲ್ಲ, ಅವಳಲ್ಲ ತಾನೇ ನೀನು?"



"ಅಯ್ಯೋ, ಅಲ್ಲ ಮಾವ. ಅವರು ನನಗೆ ದೊಡ್ಡಪ್ಪ."

ನಂಬಿ ನಕ್ಕ. "ಹಾಗಾದರೆ ಅವಳು ಸಿಕ್ಕಾಗ ಹೇಳು. ಮಗಳು ಬಂದಾಳು ಅಂತ ಅವನು ಪ್ರತಿ ಭಾನುವಾರ ರಜ ಹಾಕ್ತಿದ್ದ."

ನಾಳೆಯೂ ಹೋಗಬೇಕು ಅಪ್ಪಾ, ಇನ್ನೂ ಎರಡು ಶೆಡ್ಡು ಬಾಕಿ ಇದೆ. ಕ್ಯಾಮೆರಾ ಕಂಡರೆ ಸುಮ್ಮನೆ ಬಿಡುವವರಲ್ಲ. ಆದರೂ ಆ ಮೇಸ್ತ್ರಿ ನಿನ್ನ ವಿಷಯ ಇನ್ನೇನಾದರೂ ಹೇಳಿಬಿಟ್ಟಾನು ಅಂತಲೇ ಹೆಚ್ಚು ಹೆದರಿಕೆ.