ಬಾಗಿಲ ಮೇಲಿನ ಹಸಿರು ಚುಕ್ಕೆ

ತಾರೀಕು ೧೭, ಮಂಗಳವಾರ
ಆಸ್ಪತ್ರೆಯ ವರಾಂಡದಿಂದ

ಪ್ರೀತಿಯ ಚಿನಕುರಳಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ತಪ್ಪು ನನ್ನದೇ. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ ಕಣೇ. ಅಮ್ಮನಿಗೆ ಜ್ವರ ಇಳಿದಿದೆ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಸುತ್ತಿ ಬಳಸಿ ಹೇಳುವ ತ್ರಾಣ ನನ್ನಲ್ಲಿಲ್ಲ, ಅದಕ್ಕೇ ನೇರವಾಗಿ ಬರೆದೆ.

ಊರಿಗೆಲ್ಲ ಸಕ್ಕರೆ ಕಾಯಿಲೆಯ ಪಾಠ ಹೇಳುವವಳಿಗೆ ಮನೆಯೊಳಗಿನ ಅಮ್ಮ ಕಾಣಲಿಲ್ಲವೇ ಎಂದು ಕೇಳಿದ್ದೀಯ. ಕೇಳಬೇಕಾದ ಮಾತೇ.

ಗಿರಣಿ ಹಿಂದಿನ ನಮ್ಮ ಸಾಲುಮನೆಗಳಿಗೆ ನನ್ನನ್ನು ಆರೋಗ್ಯ ಕಾರ್ಯಕರ್ತೆ ಅಂತ ಮಾಡಿದಾಗ ಒಬ್ಬರೂ ಬೆರಳು ಚಾಚುತ್ತಿರಲಿಲ್ಲ. ಶುಗರ್ ಮಷೀನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಗ ನನ್ನ ಬುದ್ಧಿವಂತ ತಲೆಗೆ ಒಂದು ಉಪಾಯ ಹೊಳೆಯಿತು. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ. ಸಕ್ಕರೆ ಹತೋಟಿಯಲ್ಲಿದ್ದರೆ ಬಾಗಿಲಿಗೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಜನ ತಾವಾಗಿ ಸಾಲು ನಿಂತರು. ನಲ್ಲಿಯ ಹತ್ತಿರ "ಏನ್ರೀ, ಈ ಸಲಾನೂ ಕೆಂಪಾ?" ಅಂತ ಒಬ್ಬರ ಕಾಲನ್ನೊಬ್ಬರು ಎಳೆಯತೊಡಗಿದರು. ವರ್ಷ ತುಂಬುವಷ್ಟರಲ್ಲಿ ಓಣಿಗೆ ಓಣಿಯೇ ಹಸಿರಾಯಿತು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಬೇರೆ ಬಡಾವಣೆಯವರನ್ನು ಕರೆತಂದು ನಮ್ಮ ಬಾಗಿಲುಗಳನ್ನು ತೋರಿಸಿದರು. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ಕಾಯಿಲೆಯಿಂದ ಮರಗಟ್ಟಿದ್ದ ಅಮ್ಮನ ಹಿಮ್ಮಡಿಗೆ ಸೂಜಿ ಚುಚ್ಚಿದ್ದು ಅವಳಿಗೇ ಗೊತ್ತಾಗಿಲ್ಲ. ಗಾಯ ಕೊಳೆತ ಮೇಲೆ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದಾಳೆ. ವಾಸನೆ ಬಂದು ನಾನು ಬಟ್ಟೆ ಬಿಚ್ಚಿದಾಗ ಕಾಲಿನ ಎರಡು ಬೆರಳು ಕಪ್ಪಾಗಿದ್ದವು. ಇಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿದರು. ವಿಪರೀತ ಜಾಸ್ತಿ ಬಂದ ಫಲಿತಾಂಶ ನೋಡಿ ನಾನು ಡಾಕ್ಟರ ಜೊತೆ ಜಗಳಕ್ಕೇ ನಿಂತೆ. ಹತ್ತು ತಿಂಗಳಿಂದ ಹಸಿರೇ ಇದೆ, ನಿಮ್ಮ ಲ್ಯಾಬೇ ತಪ್ಪು ಅಂದೆ.

ಆಗ ಅಮ್ಮ ಮಲಗಿದ್ದಲ್ಲಿಂದಲೇ ಹೇಳಿದಳು: "ಅವರನ್ನ ಬೈಬೇಡ. ಸೋಮವಾರ ಪರೀಕ್ಷೆ ಅಂದ್ರೆ ಶನಿವಾರ ರಾತ್ರಿಯಿಂದ್ಲೇ ನಾನು ಊಟ ಬಿಡ್ತಿದ್ದೆ. ತಿಂಗಳೆಲ್ಲ ಉಳಿಸಿದ ಮಾತ್ರೇನ ಆಗ ಎರಡೆರಡು ನುಂಗ್ತಿದ್ದೆ. ಎಲ್ಲರ ಬಾಗಿಲಿಗೂ ಚುಕ್ಕೆ ಅಂಟಿಸೋಳು ನೀನು. ನಿನ್ನ ಬಾಗಿಲಿಗೇ ಕೆಂಪು ಬಿದ್ರೆ ನಾಲ್ಕು ಜನರ ಮುಂದೆ ಹೇಗೆ ತಲೆ ಎತ್ತೀಯ?"

ಓಣಿಗೆ ಹೋಗಿ, ಅಮ್ಮ ಹೀಗೆ ಊಟ ಬಿಡುತ್ತಿದ್ದದ್ದು ನಿಮಗೆ ಗೊತ್ತಿತ್ತಾ ಎಂದು ನಮ್ಮ ಸಾಲಿನ ಟೈಲರನ್ನು ಕೇಳಿದೆ. ಆತ ಹೊಲಿಗೆ ನಿಲ್ಲಿಸದೆ ಅಂದ: "ಅಮ್ಮ ಒಬ್ರೇ ಅಂದ್ಕೊಂಡ್ರಾ? ಭಾನುವಾರ ಬಂದ್ರೆ ನಮ್ಮ ಸಾಲಲ್ಲಿ ಒಲೆನೇ ಹತ್ತಲ್ಲ. ಕೆಂಪು ಅಂಟಿಸ್ಕೊಂಡಿದ್ರೆ ಹೊಟ್ಟೆ ತುಂಬ ಊಟ ಆದ್ರೂ ಮಾಡ್ಬಹುದಿತ್ತು."

ನಗು ಬರಬೇಕಾದ ಮಾತು, ನನಗೆ ಅಳು ಬಂತು. ಅಲ್ಲೇ ನಿಂತು ಒಂದೊಂದೇ ಬಾಗಿಲಿನಿಂದ ಚುಕ್ಕೆಗಳನ್ನು ಕಿತ್ತೆ. ಮರುದಿನ ಹೇಳದೆ ಕೇಳದೆ ಮಷೀನು ಹಿಡಿದು ಹೋದೆ. ಹತ್ತೊಂಬತ್ತು ಜನರ ಸಕ್ಕರೆ ಮಿತಿಮೀರಿತ್ತು. ಎಲ್ಲರ ಕಾಲನ್ನೂ ನೆಲದ ಮೇಲೆ ಕೂತು ಬೆರಳು ಬೆರಳು ಬಿಡಿಸಿ ನೋಡಿದೆ. ಇಬ್ಬರ ಪಾದದಲ್ಲಿ ಗಾಯವಿತ್ತು. ಇಬ್ಬರನ್ನೂ ಇಲ್ಲಿಗೆ ಸೇರಿಸಿದ್ದೇನೆ, ಅವರ ಕಾಲು ಉಳಿಯಬಹುದಂತೆ.

ನೀನು ಹೊತ್ತುಹೊತ್ತಿಗೆ ಉಂಡು ಹುಷಾರಾಗಿರು. ನಮ್ಮ ರಕ್ತದಲ್ಲೇ ಇರುವ ಕಾಯಿಲೆ ಇದು, ನೀನೂ ಒಮ್ಮೆ ಪರೀಕ್ಷೆ ಮಾಡಿಸಿಕೋ. ರಜೆ ಸಿಕ್ಕ ಕೂಡಲೇ ಬಾ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಭಾನುವಾರಗಳಲ್ಲಿ ಅಮ್ಮನಿಗೆ ಬಡಿಸುತ್ತಿದ್ದವಳು ನಾನೇ ತಾನೇ? "ಹೊಟ್ಟೆ ಸರಿಯಿಲ್ಲ, ತೆಗೆದಿಡು" ಅನ್ನುತ್ತಿದ್ದಳು. ಮೂರನೆಯ ತಿಂಗಳಿಗೇ ನನಗೆ ಅರ್ಥವಾಗಿತ್ತು. ಆಮೇಲೆ ಏಳು ತಿಂಗಳು ಒಂದು ಮಾತೂ ಕೇಳದೆ ಹಸಿರು ಚುಕ್ಕೆ ಅಂಟಿಸಿದೆ. ಆಪರೇಷನ್ನಿಗೆ ಒಯ್ಯುವಾಗ ಅಮ್ಮ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡು ಅಂದಳು: "ನಿನಗೂ ಗೊತ್ತಿತ್ತು ಅಂತ ಚಿಕ್ಕವಳಿಗೆ ಮಾತ್ರ ಹೇಳ್ಬೇಡ."