ಅವ್ವನ ಉಪವಾಸ

ಜೋಗೇಶ್ವರಿ, ಮುಂಬಯಿ
ರವಿವಾರ, 3-8-2025

ಶಿವಕುಮಾರಿಯ ಅಪ್ಪನಿಗೆ ಶೈಲಾಳ ಶರಣು.

ಫೋನಿನಲ್ಲಿ ಮಾತಾಡಿದರೆ ಮತ್ತೆ ಜಗಳವೇ ಆಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಗಲ್ಲಿಯ ಖಂಡಪ್ಪ ನಾಳೆ ಪುಣೆಗೆ ಹೊರಟಿದ್ದಾನೆ, ನಿಮ್ಮ ಸೈಟಿಗೆ ಬಂದು ಈ ಕಾಗದ ಕೊಡುತ್ತಾನೆ. ಮಗಳು ಚೆನ್ನಾಗಿದ್ದಾಳೆ. ನಿಮ್ಮ ಅವ್ವನೂ ಈಗ ಚೆನ್ನಾಗಿದ್ದಾರೆ. 'ಈಗ' ಅಂದದ್ದು ಯಾಕೆಂದು ಹೇಳುತ್ತೇನೆ, ಗಾಬರಿಯಾಗಬೇಡಿ.

ಬೇಸಿಗೆಯಲ್ಲಿ ರೇಷನ್ ಅಂಗಡಿಯವನು, ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಮೆಷಿನ್ನಿಗೆ ಹೆಬ್ಬೆಟ್ಟು ಒತ್ತಬೇಕು ಎಂದ. ಅವ್ವನದು ಹತ್ತಲೇ ಇಲ್ಲ. ಇಷ್ಟು ವರ್ಷ ಸಿಮೆಂಟು ಹೊತ್ತ, ಪಾತ್ರೆ ತಿಕ್ಕಿದ ಬೆರಳು. ಗೆರೆ ಎಲ್ಲಿ ಉಳಿದಾವು? ಅವರ ಪಾಲಿನ ಅಕ್ಕಿ, ಗೋಧಿ ನಿಂತುಹೋಯಿತು. ನಾನು ಪಾರ್ಲೆ ಕಡೆಯ ಮನೆಗಳಲ್ಲಿ ದುಡಿದು ತಂದದ್ದು ಖೋಲಿಯ ಬಾಡಿಗೆಗೇ ಸಾಲದು. ಅವ್ವ ಸೋಮವಾರ ಉಪವಾಸ ಅಂದರು. ಆಮೇಲೆ ಗುರುವಾರ, ಶನಿವಾರವೂ. ಶ್ರಾವಣ ಇನ್ನೂ ದೂರವಿತ್ತು. ವಯಸ್ಸಾಗಿದೆ, ಮನಸ್ಸು ದೇವರ ಕಡೆ ಹೋಗಿದೆ ಎಂದುಕೊಂಡೆ.

ಒಂದು ಬೆಳಿಗ್ಗೆ ನಳದ ಹತ್ತಿರ ಬಿದ್ದುಬಿಟ್ಟರು. ಡಾಕ್ಟರು ಕಣ್ಣು, ನಾಲಿಗೆ ನೋಡಿ, ಮುದುಕಿಗೆ ಊಟ ಹಾಕುತ್ತೀರೋ ಇಲ್ಲವೋ ಎಂದು ನನ್ನನ್ನೇ ಕೇಳಿದರು. ಮನೆಗೆ ಬಂದು ಕೇಳಿದರೆ ಅವ್ವ, "ಕೂಸು ಬೆಳಿಯೂದೈತಿ, ನೀ ದುಡಿಯಾಕಿ. ನಾ ಮನ್ಯಾಗ ಕುಂತಾಕಿ, ನನಗೆಷ್ಟು ಬೇಕವಾ?" ಅಂದರು.

ಅವರನ್ನು ಕರೆದುಕೊಂಡು ರೇಷನ್ ಆಫೀಸಿಗೆ ಹೋದೆ. ಸಾಹೇಬರಿಲ್ಲ, ಸರ್ವರ್ ಡೌನ್, ನಾಳೆ ಬಾ. ಹೋಗಿ ಹೋಗಿ ಒಂದು ಮನೆಯ ಕೆಲಸವೂ ಕೈಬಿಟ್ಟಿತು. ಅಲ್ಲೇ ವಿನೋದಿನಿ ಅಕ್ಕ ಸಿಕ್ಕರು. ಉಡುಪಿ ಕಡೆಯವರು, ರೇಷನ್ ಸಿಗದವರ ಪರವಾಗಿ ಓಡಾಡುವ ಸಂಘದವರು. ಬೆರಳು ಹತ್ತದಿದ್ದರೆ ಮೆಷಿನ್ನಿಗೆ ಕಣ್ಣು ತೋರಿಸಬಹುದು, ಅದೂ ಆಗದಿದ್ದರೆ ಪುಸ್ತಕದಲ್ಲಿ ಬರೆದುಕೊಂಡಾದರೂ ರೇಷನ್ ಕೊಡಬೇಕು, ಒಬ್ಬಳೇ ಕೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ನಿಮ್ಮ ಗಲ್ಲಿಯ ಅಜ್ಜಿಯರನ್ನೆಲ್ಲ ಕರೆತಾ ಎಂದರು. ಕರೆದೊಯ್ದೆ. ಮೆಷಿನ್ ಒಪ್ಪದಿದ್ದರೆ ನಾನೇನು ಮಾಡಲಿ ಎಂದು ಸಾಹೇಬರು ಅಂದಾಗ ಸಿಟ್ಟಿಗೆ ನನ್ನ ಬಾಯಲ್ಲಿ ಕನ್ನಡವೇ ಬಂತು: "ಬೆರಳಾಗ ಗೆರಿ ಇಲ್ಲಂದ್ರ ಹೊಟ್ಯಾಗ ಹಸಿವೂ ಇಲ್ಲೇನ್ರಿ?" ವಿನೋದಿನಿ ಅಕ್ಕ ಅದನ್ನೇ ಮರಾಠಿಯಲ್ಲಿ ಹೇಳಿದರು. ಸಾಹೇಬರು ಅಜ್ಜಿಯರ ಕಾರ್ಡುಗಳನ್ನು ಇಸಿದುಕೊಂಡರು. ಆಮೇಲೆ ಕಣ್ಣಿನ ಮೆಷಿನ್ ತರಿಸಿದರು.

ಈ ತಿಂಗಳು ಅವ್ವನ ಪಾಲು ಬಂದಿದೆ. ನಿನ್ನೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಆದರೆ ಪಕ್ಕದ ಮನೆ ಸೇವಂತಿಯ ಅತ್ತೆಗೆ ಕಣ್ಣಲ್ಲಿ ಪೊರೆ, ಅವರದು ಕಣ್ಣೂ ಹತ್ತಲಿಲ್ಲ. ಬರೆದುಕೊಂಡು ಕೊಡಿ ಎಂದು ಕೇಳಲು ನಾಳೆ ಮತ್ತೆ ಹೋಗಬೇಕು. ಇನ್ನೊಂದು ದಿನದ ಕೆಲಸ ತಪ್ಪುತ್ತದೆ. ಹೋಗದೆ ಹ್ಯಾಗಿರಲಿ? ಆ ಮನೆಯಲ್ಲೂ ಉಪವಾಸ ಶುರುವಾಗಿದೆ.

ಏನನ್ನೂ ಬೇಡಲು ಬರೆದದ್ದಲ್ಲ. ನಿಮ್ಮ ಅವ್ವ ಹಸಿದಿದ್ದರು, ಅದು ನಿಮಗೆ ಗೊತ್ತಿರಲಿ ಎಂದಷ್ಟೇ.

ಇಂತಿ,
ಶೈಲಾ

ತಾ.ಕ.: ಕಾರ್ಡು ಸರಿ ಮಾಡುವಾಗ ನಿಮ್ಮ ಹೆಸರು ನೋಡಿ, ಈ ಧರ್ಮಣ್ಣ ಮನೆಯಲ್ಲಿ ಇದ್ದಾರೋ, ಹೆಸರು ತೆಗೆಯೋಣವೋ ಎಂದು ಕೇಳಿದರು. ಅವ್ವ ನೆಲ ನೋಡಿದರು. "ಕೆಲಸಕ್ಕ ಹೋಗ್ಯಾರ, ಬರ್ತಾರ" ಅಂದೆ. ನೀವು ಬಂದು ಹೆಬ್ಬೆಟ್ಟು ಒತ್ತಲು ಈ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ.