ಆಟೋ ದೆವ್ವ ಗಿರಿಯಪ್ಪನ ಪ್ರಾಣ

ಸಕಲೇಶಪುರ
9-3-1998

ಕಥೆಗಾರರಾದ ಯೋಗಾನಂದ ಅವರಿಗೆ ಎಸ್ಟೇಟ್ ಸ್ಟೋರಿನಿಂದ ಮಧುಶ್ರೀಯ ನಮಸ್ಕಾರಗಳು.

ಇಲ್ಲಿ ಕಾಫಿಬೀಜ ಆರಿಸುವ ಹೆಂಗಸರಿಗೆ ನಾನು ವಾರವಾರವೂ ನಿಮ್ಮ ಧಾರಾವಾಹಿ ಓದಿ ಹೇಳುತ್ತೇನೆ. ಆಟೋ ಓಡಿಸುವ ದೆವ್ವ ಗಿರಿಯಪ್ಪ, ಮಂಗಳ ಗ್ರಹದ ಉಕ್ಕಿನ ಸೈನಿಕರನ್ನು ಅಟ್ಟಿಸಿಕೊಂಡು ಹೋಗುವಾಗಲೂ ಮೀಟರ್ ಹಾಕಿದನಲ್ಲ, ಅದನ್ನು ಕೇಳಿ ನಮ್ಮ ಭೂತಮ್ಮಜ್ಜಿ ನಕ್ಕು ನಕ್ಕು ಮೊರದ ಬೀಜವನ್ನೆಲ್ಲ ಚೆಲ್ಲಿಬಿಟ್ಟಿದ್ದರು.

ಕಳೆದ ವಾರ ನೀವು ಅವನನ್ನು ಕೊಂದೇಬಿಟ್ಟಿರಿ. ದೆವ್ವ ಮತ್ತೆ ಸಾಯುವುದೆಂದರೆ ಏನು ಸ್ವಾಮಿ? ಅಜ್ಜಿಯ ಮುಖ ನೋಡಿ ನನಗೆ ಓದಲಾಗಲಿಲ್ಲ. ಪತ್ರಿಕೆಯನ್ನು ಎದುರಿಗೆ ಹಿಡಿದುಕೊಂಡು, ಗಿರಿಯಪ್ಪ ಆ ಸೈನಿಕರನ್ನೆಲ್ಲ ಆಟೋದಲ್ಲಿ ತುಂಬಿಕೊಂಡು ಬಂದು ಇಲ್ಲೇ ಹತ್ತಿರದ ಪಾಳ್ಯದ ಗದ್ದೆಯಲ್ಲಿ ನಾಟಿಗೆ ಹಚ್ಚಿದ ಎಂದು ನಾನೇ ಕಟ್ಟಿ ಹೇಳಿದೆ. ಒಂದು ಗಂಟೆ ಹೇಳಿದೆ. ಎಲ್ಲರೂ ನಂಬಿದರು ಅಂದುಕೊಂಡಿದ್ದೆ.

ಆದ್ದರಿಂದ ಮುಂದಿನ ವಾರ ದಯವಿಟ್ಟು ಅವನನ್ನು ಬದುಕಿಸಿ. ಸೈನಿಕರ ಕಾಲಿಗೆ ಸ್ವಲ್ಪ ಕೆಸರೂ ಇರಲಿ.

ಅಂದು ಸಂಜೆ ಹೊರಡುವಾಗ, ಓದು ಬಾರದ ಭೂತಮ್ಮಜ್ಜಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು: "ಒಂದ್ ಪುಟಾನೂ ತಿರುವಲಿಲ್ಲ ಕಣವ್ವ ನೀನು. ಮುಂದಿನ್ ವಾರ ತಿರುವ್ತಾ ಹೇಳು, ಉಳಿದೋರ್ಗೆ ಗೊತ್ತಾಗ್ಬುಡುತ್ತೆ."

ಪುಟ ತಿರುವುವುದನ್ನು ಕಲಿಯುತ್ತಿರುವ,
ಮಧುಶ್ರೀ